ಸೇಂಟ್ ಜಾರ್ಜ್ ಕ್ಷೇತ್ರದ ತೀರ್ಪು

ಒಂದು ದೇಶದ ಭವಿತವ್ಯವು ಇನ್ನೊಂದು ದೇಶದ ಕೆಲವು ಬೀದಿಗಳ ಮತದಾರರ ಒಲವಿಗೆ ತೂಗುಬೀಳುವುದಕ್ಕಿಂತ ಹೆಚ್ಚಿನ ಪರಾಧೀನತೆ ಬೇರೊಂದುಂಟೇ? 1931ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇಂಟ್ ಜಾರ್ಜ್ ಕ್ಷೇತ್ರದಲ್ಲಿ ನಡೆದ ಪಾರ್ಲಿಮೆಂಟಿನ ಉಪಚುನಾವಣೆಯು ಇಂಥದೊಂದು ಪ್ರಸಂಗವಾಗಿದ್ದಿತು.

ಮೇಫೇರ್, ಬೆಲ್‌ಗ್ರೇವಿಯಾಗಳ ಸಿರಿವಂತರು ವಾಸಿಸುವ ಆ ಕ್ಷೇತ್ರವು ಕನ್ಸರ್ವೆಟಿವ್ ಪಕ್ಷದ ಭದ್ರವಾದ ಕೋಟೆ. ಅಲ್ಲಿಯ ಪ್ರತಿನಿಧಿಯಾಗಿದ್ದ ಸರ್ ಲೇಮಿಂಗ್ ವರ್ದಿಂಗ್‌ಟನ್-ಎವಾನ್ಸರು ಫೆಬ್ರವರಿಯಲ್ಲಿ ತೀರಿಕೊಂಡುದರಿಂದ ಸ್ಥಾನವು ತೆರವಾಯಿತು. ಲೇಬರ್, ಲಿಬರಲ್ ಪಕ್ಷಗಳೆರಡೂ ಕಣಕ್ಕೆ ಇಳಿಯಲಿಲ್ಲ. ಕಾದಾಟವೆಲ್ಲ ಕನ್ಸರ್ವೆಟಿವರೊಳಗೇ ನಡೆಯಿತು. ಪಕ್ಷದ ಉಮೇದುವಾರರು ಡಫ್ ಕೂಪರರು. ಎದುರಾಳಿ, ಸ್ವತಂತ್ರರಾಗಿ ನಿಂತ ಕೈಗಾರಿಕೋದ್ಯಮಿ ಸರ್ ಅರ್ನೆಸ್ಟ್ ಪೆಟರರು. ಆದರೆ ವಿಚಾರಣೆಗೆ ಗುರಿಯಾದವರು ಪಕ್ಷದ ನಾಯಕರಾದ ಸ್ಟ್ಯಾನ್ಲಿ ಬಾಲ್ಡ್ವಿನ್ನರೇ.

ಪೆಟರರ ಬೆನ್ನಿಗೆ ಇಬ್ಬರು ಪತ್ರಿಕಾಧಿಪತಿಗಳಿದ್ದರು. ‘ಡೈಲಿ ಎಕ್ಸ್‌ಪ್ರೆಸ್’ನ ಒಡೆಯ ಬೀವರ್‌ಬ್ರೂಕ್ ಪ್ರಭುವಿಗೆ ಬೇಕಾಗಿದ್ದುದು ಸಾಮ್ರಾಜ್ಯದೊಳಗಣ ಮುಕ್ತ ವ್ಯಾಪಾರ. ‘ಡೈಲಿ ಮೇಲ್’ನ ಒಡೆಯ ರಾದರ್‌ಮಿಯರ್ ಪ್ರಭುವಿನ ಕಣ್ಣುರಿಯಾದರೋ ಹಿಂದುಸ್ಥಾನದ ಮೇಲೆ. ಐರ್ವಿನ್ನರು 1929ರಲ್ಲಿ ಡೊಮಿನಿಯನ್ ಪದವಿಯ ಮಾತೆತ್ತಿದಾಗಲೂ, 1931ರ ಮಾರ್ಚ್ 5ರಂದು ಗಾಂಧೀಜಿಯವರೊಡನೆ ಒಪ್ಪಂದ ಮಾಡಿಕೊಂಡಾಗಲೂ ಬಾಲ್ಡ್ವಿನ್ನರು ಅವರ ಕೈಬಿಟ್ಟಿರಲಿಲ್ಲ. ಆ ಪತ್ರಿಕೆಯ ದೃಷ್ಟಿಯಲ್ಲಿ ಇದೇ ಮಹಾಪರಾಧ. ಚರ್ಚಿಲ್ಲರು ಹಿಂದುಸ್ಥಾನದ ಪ್ರಶ್ನೆಯ ಮೇಲೆಯೇ ಜನವರಿಯಲ್ಲಿ ಪಕ್ಷದ ಮುಖಂಡರ ಮಂಡಲಿಯನ್ನು ಬಿಟ್ಟು ಹೊರಬಂದಿದ್ದರು. ಮತದಾನದ ಹಿಂದಿನ ದಿನವೇ ಆಲ್ಬರ್ಟ್ ಹಾಲಿನಲ್ಲಿ ಒಪ್ಪಂದವನ್ನು ಹಳಿದರು.

ಬಾಲ್ಡ್ವಿನ್ನರ ಸ್ಥಾನವು ಎಷ್ಟು ಅಲುಗಾಡಿತ್ತೆಂದರೆ, ಮಾರ್ಚ್ ಆರಂಭದಲ್ಲಿ ಅವರು ರಾಜೀನಾಮೆಗೂ ಮನಸ್ಸು ಮಾಡಿದ್ದರು. ಆದರೆ 17ರಂದು ಕ್ವೀನ್ಸ್ ಹಾಲಿನ ಸಭೆಯಲ್ಲಿ ಅವರು ಪೆಟರರನ್ನು ಬಿಟ್ಟು ಪತ್ರಿಕಾಧಿಪತಿಗಳ ಮೇಲೆಯೇ ತಿರುಗಿಬಿದ್ದರು. ಇವರ ಪತ್ರಿಕೆಗಳು ಸುದ್ದಿಯ ಪತ್ರಿಕೆಗಳಲ್ಲ, ಪ್ರಚಾರದ ಯಂತ್ರಗಳು. ಇವರು ಬಯಸುವುದು ಹೊಣೆಯಿಲ್ಲದ ಅಧಿಕಾರ. ಅದು ಯುಗಯುಗಗಳಿಂದಲೂ ವಾರಾಂಗನೆಯ ಹಕ್ಕು, ಎಂದರು. ಈ ಕಟುವಾಕ್ಯವನ್ನು ಒದಗಿಸಿದವರು ಅವರ ಬಂಧುವಾದ ಕವಿ ಕಿಪ್ಲಿಂಗರು. ಹಿಂದುಸ್ಥಾನದ ಸ್ವರಾಜ್ಯವನ್ನು ಕಂಡರಾಗದ ಕಿಪ್ಲಿಂಗರ ಬಾಣವೇ ಸ್ವರಾಜ್ಯದ ವೈರಿಗಳಿಗೆ ತಗುಲಿದ್ದು ವಿಧಿಯ ವಿನೋದ!

ಮಾರ್ಚ್ 19ರಂದು ಮತದಾನವಾಯಿತು. ಕೂಪರರಿಗೆ 17,242 ಮತಗಳು, ಪೆಟರರಿಗೆ 11,532. ಲಕ್ಷಾಂತರ ಪ್ರತಿಗಳನ್ನು ಮಾರಬಲ್ಲ ಪ್ರಭುಗಳು 5,710 ಮತಗಳಿಂದ ಸೋತರು. ಪತ್ರಿಕೆಯನ್ನು ಕೊಳ್ಳುವವನು ತನ್ನ ಬುದ್ಧಿಯನ್ನು ಅದರ ಒಡೆಯನಿಗೆ ಮಾರಿಕೊಂಡಿರುವುದಿಲ್ಲ. ಲೇಖನಿ ಹಿಡಿದವರೆಲ್ಲರೂ ನೆನಪಿನಲ್ಲಿಡಬೇಕಾದ ಪಾಠವಿದು.

ಆದರೆ ಈ ಗೆಲುವಿನಿಂದ ನಮಗೆ ದೊರೆತುದೇನು? ಬಾಗಿಲು ಮುಚ್ಚಲಿಲ್ಲ, ಅಷ್ಟೇ. ಅದೇ ವರ್ಷ ಗಾಂಧೀಜಿಯವರು ದುಂಡುಮೇಜಿನ ಪರಿಷತ್ತಿಗೆ ಹೋಗಿ ಬರಿಗೈಯಲ್ಲಿ ಮರಳಿದರು. 1932ರ ಜನವರಿಯಲ್ಲಿ ಮತ್ತೆ ಸೆರೆಮನೆ ಸೇರಿದರು. 1935ರ ಕಾಯದೆಯನ್ನು ಚರ್ಚಿಲ್ಲರ ವಿರೋಧವನ್ನು ಮೀರಿ ಅಂಗೀಕರಿಸಿದ ಪಾರ್ಲಿಮೆಂಟು, ಅದರಲ್ಲಿ ಡೊಮಿನಿಯನ್ ಪದವಿಯೆಂಬ ಮಾತನ್ನೇ ಬರೆಯಲಿಲ್ಲ. ಬಾಲ್ಡ್ವಿನ್ನರ ಸೌಜನ್ಯವು ಸುಳ್ಳಲ್ಲ. ಆದರೆ ಪರರ ಸೌಜನ್ಯವು ಸ್ವಾತಂತ್ರ್ಯವಾಗಲಾರದು.

ಆ ದಿನ ಮತ ಹಾಕಿದ ಇಪ್ಪತ್ತೆಂಟು ಸಾವಿರ ಚಿಲ್ಲರೆ ಜನರು ದುಷ್ಟರಲ್ಲ. ಅವರ ತೀರ್ಪು ಸರಿಯಾಗಿಯೇ ಇತ್ತು. ಆದರೆ ನಮ್ಮ ಮೊಕದ್ದಮೆಯಲ್ಲಿ ತೀರ್ಪು ಕೊಡುವ ಅಧಿಕಾರವೇ ಅವರಿಗಿರಬಾರದಾಗಿತ್ತು. ಸ್ವರಾಜ್ಯವೆಂದರೆ ಒಳ್ಳೆಯ ತೀರ್ಪಷ್ಟೇ ಅಲ್ಲ. ತೀರ್ಪು ಕೊಡುವ ಪೀಠವು ನಮ್ಮದಾಗುವುದು.