ಬಡಾವಣೆಯು ಊರಾಗುವ ಬಗೆ

ಬೆಂಗಳೂರಿನವರಲ್ಲಿ ಒಂದು ವಿಚಿತ್ರವಾದ ವಾಡಿಕೆಯುಂಟು. ಮಲ್ಲೇಶ್ವರದಲ್ಲಿ ಹುಟ್ಟಿ, ಅಲ್ಲಿಯೇ ಓದಿ, ಅಲ್ಲಿಯೇ ಸಂಸಾರ ಹೂಡಿದವರನ್ನು "ತಮ್ಮ ಊರು ಯಾವುದು?" ಎಂದು ಕೇಳಿ ನೋಡಬೇಕು. ಅವರ ಬಾಯಲ್ಲಿ ಮಲ್ಲೇಶ್ವರದ ಹೆಸರು ಬರುವುದು ಅಪರೂಪ. ತಾತಂದಿರು ಎಂದೋ ಬಿಟ್ಟುಬಂದ, ತಾವು ಮನೆದೇವರ ಪೂಜೆಗೆಂದು ಎರಡು ಮೂರು ಬಾರಿ ಮಾತ್ರ ಕಂಡ, ಹಾಸನದ ಕಡೆಯ ಹಳ್ಳಿಯನ್ನೋ ತುಮಕೂರಿನ ಕಡೆಯ ಅಗ್ರಹಾರವನ್ನೋ ಹೇಳುವರು. ವಾಸಕ್ಕೆ ಬಡಾವಣೆ, ಅಭಿಮಾನಕ್ಕೆ ಊರು ಎಂಬ ಭಾವನೆಯು ನಮ್ಮ ಪಟ್ಟಣವಾಸಿಗಳಲ್ಲಿ ಅಷ್ಟು ಬೇರೂರಿದೆ. ನಾಲ್ಕೈದು ತಲೆಮಾರುಗಳು ಹುಟ್ಟಿ ಬೆಳೆದ ಸ್ಥಳವೊಂದು ಇನ್ನೂ ಊರೆನ್ನಿಸಿಕೊಳ್ಳದಿದ್ದರೆ ಅದಕ್ಕೆ ಕಾರಣವೇನೆಂದು ವಿಚಾರಮಾಡುವುದು ಯುಕ್ತವಾಗಿದೆ.

ಮಲ್ಲೇಶ್ವರವು ತಾನಾಗಿ ಬೆಳೆದ ಊರಲ್ಲವೆಂಬುದು ನಿಜ. ಕಾಡುಮಲ್ಲೇಶ್ವರನ ಗುಡಿಯು ಬಹಳ ಹಳೆಯದು. ಶಿವಾಜಿಯ ಮಲತಮ್ಮನಾದ ಏಕೋಜಿಯ ಕಾಲದ, 1669ರ ಶಾಸನವು ಅಲ್ಲಿದೆ. ಆದರೆ ಗುಡಿಯ ಸುತ್ತಲಿನ ಬಡಾವಣೆಯು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್‌ರವರ ಆಡಳಿತದಲ್ಲಿ, ಸರಕಾರದ ನಕ್ಷೆಯ ಮೇಲೆ ಮೊದಲು ಮೂಡಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗುಮಾರಿಯು ಕಾಲಿಟ್ಟಿತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಹೆಣಗಳು ಬೀಳತೊಡಗಿದಾಗ ಗಾಳಿ ಬೆಳಕುಗಳಿರುವ ಹೊಸ ಬಡಾವಣೆಗಳ ಕಡೆಗೆ ಜನರ ಕಣ್ಣು ಹರಿಯಿತು. ಮಲ್ಲೇಶ್ವರ, ಬಸವನಗುಡಿಗಳು ತುಂಬಿದ್ದು ಹೀಗೆ. ನೆರೆಹೊರೆಯವರ ಮೇಲಿನ ಪ್ರೀತಿಯಿಂದ ಅಲ್ಲಿಗೆ ಬಂದವರು ಎಷ್ಟು ಮಂದಿಯೋ ಕಾಣೆವು. ನೆರೆಹೊರೆಯವರ ಸೋಂಕಿಗೆ ಹೆದರಿ ಬಂದವರೇ ಬಹಳ.

ನಕ್ಷೆಯನ್ನು ಬರೆದವರಾದರೂ ಒಂದು ಸಮುದಾಯವನ್ನು ಕಟ್ಟುವ ಉದ್ದೇಶವನ್ನು ಇಟ್ಟುಕೊಂಡಿದ್ದರೆಂದು ಹೇಳಲಾಗದು. ನಿವೇಶನಗಳನ್ನು ಜಾತಿಮತಗಳಿಗೆ ಅನುಸಾರವಾಗಿ ವಿಂಗಡಿಸಿ ಹಂಚುವ ಪದ್ಧತಿಯು ಈ ಬಡಾವಣೆಗಳಲ್ಲಿತ್ತು. ಮನೆಗಳ ಮುಂದೆ ವಿಶಾಲವಾದ ರಸ್ತೆ. ಹಿಂದೆ, ಎರಡು ಸಾಲು ಮನೆಗಳ ಬೆನ್ನುಗಳ ನಡುವೆ, ಒಂದು ಕಿರಿದಾದ ಓಣಿ. ಸರಕಾರಿ ಕಾಗದಗಳಲ್ಲಿ ಇದಕ್ಕೆ ಕನ್ಸರ್ವೆನ್ಸಿ ಓಣಿಯೆಂದು ಹೆಸರು. ಮಲವನ್ನು ಹೊರುವ ದುರ್ಭಾಗ್ಯವು ಯಾರ ಪಾಲಿಗೆ ಬಂದಿತ್ತೋ ಅವರು ಮನೆಯವರ ಕಣ್ಣಿಗೆ ಬೀಳದಂತೆ ಬಂದು ಹೋಗಲೆಂದು ಮಾಡಿದ ದಾರಿ ಅದು. ಹಳೆಯ ಮಲ್ಲೇಶ್ವರದ ಸೊಬಗನ್ನು ಕೊಂಡಾಡುವ ಹಿರಿಯರು ಸಂಪಿಗೆಯ ಮರಗಳನ್ನೂ ಹೆಂಚಿನ ಮನೆಗಳನ್ನೂ ನೆನೆಯುವರೇ ಹೊರತು ಈ ಓಣಿಗಳ ಮಾತನ್ನು ಎತ್ತುವುದಿಲ್ಲ.

ಇಂತಹ ಸ್ಥಳದಲ್ಲಿ ಒಗ್ಗಟ್ಟು ಮೂಡಿದ್ದಾದರೂ ಹೇಗೆ? ದೊಡ್ಡವರು ನೆಲಸಿದ್ದರಿಂದ ಎಂದು ಕೆಲವರು ಹೇಳುವರು. ಸರ್ ಸಿ. ವಿ. ರಾಮನ್‌ರವರ ಮನೆಯಿದ್ದದ್ದು ಇಲ್ಲಿಯೇ. ವಿಜ್ಞಾನ ಮಂದಿರದ ಪಂಡಿತರು ಅನೇಕರು ಇಲ್ಲಿ ವಾಸಮಾಡಿದರು. ಆದರೆ ಪ್ರಖ್ಯಾತರ ಹೆಸರುಗಳನ್ನು ಪೋಣಿಸಿದ ಮಾತ್ರಕ್ಕೆ ಊರಾಗುವುದಿಲ್ಲ. ಪರಸ್ಪರ ಬಂಧುತ್ವವಾಗಲಿ ಋಣವಾಗಲಿ ಇಲ್ಲದವರು, ಆಹ್ವಾನಪತ್ರಿಕೆಯಿಲ್ಲದೆ, ದಿನದಿನವೂ ಒಂದೆಡೆ ಸೇರುವ ತಾಣಗಳು ಬೇಕು. ಅಂತಹವನ್ನು ಸರಕಾರವು ಕಟ್ಟಿಕೊಡಲಿಲ್ಲ; ನಿವಾಸಿಗಳೇ ಕೂಡಿಸಿಕೊಂಡರು. 1929ರಲ್ಲಿ ಮಲ್ಲೇಶ್ವರಂ ಅಸೋಸಿಯೇಷನ್ ಹುಟ್ಟಿತು. ಕೆನರಾ ಪ್ರಾಂತದಿಂದ ಬಂದು ನೆಲಸಿದವರು ಕೆನರಾ ಯೂನಿಯನ್ ಎಂಬ ಸಂಘವನ್ನು ಕಟ್ಟಿಕೊಂಡರು. ಮೇಲ್ನೋಟಕ್ಕೆ ಇದೂ ಬಿಟ್ಟುಬಂದ ಊರಿನ ನೆನಪಿಗಾಗಿ ಮಾಡಿಕೊಂಡ ಸಂಘವೇ. ಆದರೆ ಅದರ ಸಭಾಂಗಣದಲ್ಲಿ ನಡೆದುದನ್ನು ನೋಡಬೇಕು. ಮದುವೆ ಮುಂಜಿಗಳಿಗೆ ಬಾಡಿಗೆಗೆ ಕೊಡುತ್ತಿದ್ದ ಆ ಅಂಗಣವು ಉಳಿದ ದಿನಗಳಲ್ಲಿ ಬ್ಯಾಡ್ಮಿಂಟನ್ ಆಟಕ್ಕೆ ಒದಗುತ್ತಿತ್ತು. ಸಮೀಪದ ಮನೆಯ ಬಾಲಕ ಪ್ರಕಾಶ ಪಡುಕೋಣೆಯು ಅಲ್ಲಿ ಆಟ ಕಲಿತನು; ಲಗ್ನದ ಕಾಲದಲ್ಲಿ ಮದುವೆಗಳು ಮುಗಿಯುವ ತನಕ ಆಟಕ್ಕೆ ರಜ. 1980ರಲ್ಲಿ ಇಂಗ್ಲೆಂಡಿನ ಪ್ರಸಿದ್ಧವಾದ ಆಲ್ ಇಂಗ್ಲೆಂಡ್ ಪಂದ್ಯವನ್ನು ಭಾರತೀಯರಲ್ಲಿ ಮೊದಲಿಗನಾಗಿ ಗೆದ್ದವರು ಅವರೇ. ಕೋಟ್ಯಂತರ ರೂಪಾಯಿ ಸುರಿದು ಕ್ರೀಡಾಗಾರಗಳನ್ನು ಕಟ್ಟುವವರು ಈ ಕಲ್ಯಾಣಮಂಟಪದ ಚರಿತ್ರೆಯನ್ನು ಒಮ್ಮೆ ಓದಿಕೊಂಡರೆ ನಷ್ಟವೇನೂ ಇಲ್ಲ.

ಇನ್ನು ಎಂಟನೆಯ ಅಡ್ಡರಸ್ತೆಯ ಸಂತೆ. ಗೌರೀಹಬ್ಬದ ಹಿಂದಿನ ಸಂಜೆ ಅಲ್ಲಿ ನಿಂತು ನೋಡಿದವರಿಗೆ ನಮ್ಮ ಮಾತು ತಿಳಿದೀತು. ಬಾಳೆಕಂದು, ಮಾವಿನ ಸೊಪ್ಪು, ಸೇವಂತಿಗೆ, ಮೊರದ ಬಾಗಿನಗಳ ರಾಶಿ. ಸಂಕ್ರಾಂತಿಯಾದರೆ ಕಬ್ಬು, ಅವರೆಕಾಯಿ, ಎಳ್ಳುಬೆಲ್ಲ. ಹಿರಿಯ ಅಧಿಕಾರಿಯ ಮನೆಯಾಕೆಯೂ ಮನೆಗೆಲಸದ ಹೆಂಗಸೂ ಒಂದೇ ಬುಟ್ಟಿಯ ಮುಂದೆ ಕುಳಿತು ಚೌಕಾಸಿ ಮಾಡುವುದು ಅಲ್ಲಿ ಸಾಮಾನ್ಯ. "ಏನಮ್ಮ, ಸೊಸೆಗೆ ಹೆರಿಗೆಯಾಯಿತೆ?" ಎಂದು ಹೂವಿನಾಕೆ ಕೇಳಿದರೆ ಕೊಳ್ಳುವಾಕೆಯು ಬೆಲೆಯನ್ನು ಮರೆತು ಮಾತಿಗೆ ನಿಲ್ಲುವಳು. ಈ ಹೂವಿನಾಕೆಗೆ ಮಲ್ಲೇಶ್ವರದಲ್ಲಿ ಮನೆಯಿಲ್ಲ, ಮತವೂ ಇಲ್ಲ; ಆದರೂ ಯಾರ ಮನೆಯಲ್ಲಿ ಏನಾಯಿತೆಂಬುದನ್ನು ನೆರೆಮನೆಯವರಿಗಿಂತ ಚೆನ್ನಾಗಿ ಆಕೆ ಬಲ್ಲಳು. ಬೀದಿ ವ್ಯಾಪಾರಿಗಳ ರಕ್ಷಣೆಗೆಂದು 2014ರಲ್ಲಿ ಕೇಂದ್ರ ಶಾಸನವಾಗಿದೆ. ಹಾಗಿದ್ದರೂ ಪಾದಚಾರಿಗಳ ಸೌಕರ್ಯದ ಹೆಸರಿನಲ್ಲಿ ಮೊದಲು ಎತ್ತಂಗಡಿಯಾಗುವುದು ಇವರ ಬುಟ್ಟಿಯೇ. ಅದೇ ಕಾಲುದಾರಿಯ ಮೇಲೆ ನಿಲ್ಲಿಸಿದ ಮೋಟಾರುಗಾಡಿಗಳ ವಿಷಯದಲ್ಲಿ ಅಷ್ಟು ಆತುರವು ಕಂಡುಬರುವುದಿಲ್ಲ.

ಹಳೆಯ ಮನೆಗಳು ಒಂದೊಂದಾಗಿ ಕೆಡವಲ್ಪಟ್ಟು ಅಂತಸ್ತಿನ ವಸತಿಗಳಾಗುತ್ತಿವೆ. ಜಗಲಿ ಹೋಗಿ ಕಾವಲುಗಾರನ ಪೆಟ್ಟಿಗೆ ಬಂದಿದೆ. ಇದನ್ನು ಕುರಿತು ಗೋಳಿಡುವುದರಲ್ಲಿ ಪ್ರಯೋಜನವಿಲ್ಲ. ಜನ ಹೆಚ್ಚಿದಂತೆ ಮನೆಗಳು ಮೇಲಕ್ಕೆ ಹೋಗಲೇಬೇಕು. ನಮಗೆ ಹೆಚ್ಚು ಚಿಂತೆಯನ್ನುಂಟುಮಾಡುವ ಸಂಗತಿ ಬೇರೆ. ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿಯು 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರಲ್ಲಿ ಆ ಪಾಲಿಕೆಯನ್ನೇ ವಿಸರ್ಜಿಸಿ ಐದು ನಗರಪಾಲಿಕೆಗಳನ್ನಾಗಿ ಒಡೆಯುವವರೆಗೂ ಚುನಾವಣೆಯು ನಡೆಯಲಿಲ್ಲ. ಐದು ವರ್ಷಗಳ ಕಾಲ ಬಡಾವಣೆಯವರು ತಮ್ಮವನೆಂದು ಹೇಳಿಕೊಂಡು ಬಾಗಿಲು ತಟ್ಟಲು ಒಬ್ಬ ಪಾಲಿಕೆಯ ಸದಸ್ಯನಿರಲಿಲ್ಲ.

ಸ್ಯಾಂಕಿ ಕೆರೆಯ ಪ್ರಕರಣವು ನಡೆದದ್ದು ಇದೇ ಅವಧಿಯಲ್ಲಿ. 1882ರಲ್ಲಿ ಕರ್ನಲ್ ಸ್ಯಾಂಕಿಯು ಕಟ್ಟಿಸಿದ ಈ ಕೆರೆಯ ದಂಡೆಯು ಬೆಳಗಿನ ನಡಿಗೆಯವರ ಸಭೆಯೇ ಆಗಿದೆ. ಪಕ್ಕದ ರಸ್ತೆಯನ್ನು ಅಗಲಮಾಡಲೆಂದು 2011ರಲ್ಲಿ ಮರಗಳಿಗೆ ಕೊಡಲಿ ಹಾಕಹೊರಟಾಗ ನಿವಾಸಿಗಳು ನ್ಯಾಯಾಲಯದವರೆಗೆ ಹೋಗಿದ್ದರು. ಅಲ್ಲಿಯೇ ಮೇಲ್ಸೇತುವೆಯೊಂದನ್ನು ಕಟ್ಟುವ ಯೋಜನೆಯು ಮತ್ತೆ ಹೊರಬಿದ್ದಾಗ, 2023ರ ಆರಂಭದಲ್ಲಿ, ಮುದುಕರು, ಗೃಹಿಣಿಯರು, ಶಾಲೆಯ ಮಕ್ಕಳು ಕೆರೆಯ ಬಳಿ ಸೇರಿ ಮೌನವಾಗಿ ನಡೆದರು. ಅನುಮತಿಯಿಲ್ಲದ ಪ್ರತಿಭಟನೆಯೆಂದು ಪೊಲೀಸರು ಹಲವರ ಮೇಲೆ ಪ್ರಕರಣ ದಾಖಲಿಸಿದರು. ಒಂದು ಮರಕ್ಕಾಗಿ ಇಷ್ಟು ಗದ್ದಲವೇ ಎಂದು ನಕ್ಕವರೂ ಉಂಟು. ಆದರೆ ಮೂರನೆಯ ಅಡ್ಡರಸ್ತೆಯವರಿಗೂ ಹದಿನೆಂಟನೆಯ ಅಡ್ಡರಸ್ತೆಯವರಿಗೂ ಪರಸ್ಪರ ಹೆಸರು ತಿಳಿದದ್ದು ಆ ದಿನಗಳಲ್ಲಿ. ಅಧಿಕಾರಿಗಳು ಇದನ್ನು ತಂಟೆಯೆಂದು ತಿಳಿಯದಿರಲಿ. ತನ್ನ ಕೆರೆಯ ವಿಷಯದಲ್ಲಿ ತನ್ನನ್ನು ಕೇಳಬೇಕೆನ್ನುವ ಜನರಿಂದ ಆಡಳಿತಕ್ಕೆ ಆಗುವ ತೊಂದರೆಯು, ಏನು ಮಾಡಿದರೂ ಬಾಯಿ ಬಿಡದ ಜನರಿಂದ ನಗರಕ್ಕೆ ಆಗುವ ಕೇಡಿಗಿಂತ ಬಹಳ ಕಡಿಮೆ.

ಇತ್ತೀಚಿನ ವರ್ಷಗಳಲ್ಲಿ ಮಲ್ಲೇಶ್ವರದ ನಿವಾಸಿಗಳು ಹಿಂದೆ ಹೇಳಿದ ಕನ್ಸರ್ವೆನ್ಸಿ ಓಣಿಗಳಲ್ಲಿ ಕೆಲವನ್ನು ಗುಡಿಸಿ, ಕಸವನ್ನು ಸಾಗಿಸಿ, ಗೋಡೆಗಳಿಗೆ ಬಣ್ಣ ಬಳಿದು ನಡೆದಾಡುವ ದಾರಿಗಳನ್ನಾಗಿ ಮಾಡಿದ್ದಾರೆ. ಮನೆಗಳು ಬೆನ್ನು ಹಾಕಿದ್ದ ಕಡೆಗೆ ಈಗ ಹಿತ್ತಿಲ ಬಾಗಿಲುಗಳು ಅಲ್ಲೊಂದು ಇಲ್ಲೊಂದು ತೆರೆಯುತ್ತಿವೆ. ಕಸವು ಮರಳಿ ಬೀಳದಂತೆ ಕಾಯುವ ಕೆಲಸ ಮಾತ್ರ ಇನ್ನೂ ಉಳಿದಿದೆ. ಬಣ್ಣ ಬಳಿಯುವ ಭಾನುವಾರ ನೂರು ಜನ ಬರುವರು, ಸೋಮವಾರದ ಕಾವಲಿಗೆ ಇಬ್ಬರನ್ನು ಹುಡುಕಬೇಕು.