ನಮ್ಮ ಮೂಗಿನೊಳಗ ಏನೈತಿ?

ತಾಂಬಾದಾಗ ಒಂದು ರಾತ್ರಿ ನಮ್ಮ ಕಲಿಕೆಯ ವರ್ಗ ನಡೆದಿತ್ತು. ಅಂದು 'ಮ' ಅಕ್ಷರದ ಪಾಠ. ಹಲಗೆಯ ಮೇಲೆ 'ಮನಿ' ಎಂದು ಬರೆದೆವು. ಎಲ್ಲರೂ ಓದಿದರು. ಹಿಂದೆ ಕುಂತಿದ್ದ ಒಬ್ಬ ತಾಯಿ ಮಾತ್ರ 'ಬದಿ' ಎಂದು ಓದಿದರು. ಎಲ್ಲರೂ ನಕ್ಕರು.

"ಅಕ್ಕೋರೆ, ಅಕ್ಷರ ನನಗ ಗೊತ್ತೈತ್ರಿ. ಮೂಗು ಕಟ್ಟೈತಿ, ಏನ್ ಮಾಡ್ಲಿ?" ಎಂದರು ಆ ತಾಯಿ.

ಅವರು ಹೇಳಿದ್ದು ಖರೆ. ನೀವೂ ಮಾಡಿ ನೋಡ್ರಿ. ಎರಡು ಬೆರಳಿನಿಂದ ಮೂಗು ಹಿಡಿದುಕೊಳ್ಳಿ. ಈಗ 'ಮಾವ' ಅನ್ರಿ. ಕೇಳಿದವರಿಗೆ 'ಬಾವ' ಅಂದಂಗ ಆಗ್ತೈತಿ! ಮ, ನ, ಣ ಅನ್ನುವಾಗ ದನಿ ಮೂಗಿನಿಂದ ಹೊರಗೆ ಬರಬೇಕು. ಅದಕ್ಕೇ ಇವಕ್ಕೆ ಅನುನಾಸಿಕ ಎಂದು ಹೆಸರು. ನಾಸಿಕ ಅಂದ್ರ ಮೂಗು.

ಆ ರಾತ್ರಿ ಅಕ್ಷರದ ಪಾಠ ಅಲ್ಲಿಗೇ ನಿಂತಿತು. ಮೂಗಿನ ಪಾಠ ನಡೆಯಿತು.

ಮೊದಲು ಒಂದು ಲೆಕ್ಕ ಹಾಕಿದೆವು. ಸುಮ್ಮನೆ ಕುಂತಾಗ ನಾವು ನಿಮಿಷಕ್ಕೆ ಸುಮಾರು 15 ಸಲ ಉಸಿರಾಡುತ್ತೇವೆ. ತಾಸಿಗೆ 900 ಸಲ. ದಿನಕ್ಕೆ 21,600 ಸಲ. ಒಂದೊಂದು ಉಸಿರಿಗೆ ಅರ್ಧ ಲೀಟರ್ ಗಾಳಿ. ಅಂದರೆ ದಿನಕ್ಕೆ 10,800 ಲೀಟರ್. 15 ಲೀಟರಿನ ಕೊಡದಲ್ಲಿ ಅಳೆದರೆ 720 ಕೊಡ! ಇಷ್ಟು ಗಾಳಿಯನ್ನು ಸೋಸಿ, ಹದಮಾಡಿ ಒಳಗೆ ಬಿಡುವ ಕೆಲಸ ಮೂಗಿನದು. ವಾಸನೆ ನೋಡುವುದಷ್ಟೇ ಅದರ ಕೆಲಸ ಎಂದು ನಾವು ತಿಳಿದಿರುತ್ತೇವೆ.

ಮೂಗಿನ ಮೇಲಿನ ಭಾಗ ಗಟ್ಟಿ ಎಲುಬು. ಕೆಳಗಿನ ಭಾಗ ಕಿವಿಯ ಹಾಗೆ ಬಾಗುತ್ತದೆ. ನಡುವೆ ಒಂದು ಗೋಡೆ. ಈ ಗೋಡೆ ಬಹಳ ಮಂದಿಗೆ ಸ್ವಲ್ಪ ಸೊಟ್ಟ ಇರ್ತೈತಿ. ಅದಕ್ಕೆ ಅಂಜಬ್ಯಾಡ್ರಿ.

ಹೊಳ್ಳೆಯ ಬಾಯಲ್ಲಿ ಕೂದಲಿವೆ. ದೊಡ್ಡ ಧೂಳು ಅಲ್ಲೇ ನಿಲ್ಲುತ್ತದೆ. ಒಳಗೆ ಒಂದೊಂದು ಕಡೆ ಮೂರು ಮೂರು ಮಡಿಕೆಗಳಿವೆ. ಅವುಗಳ ಮೇಲಿನ ತೊಗಲಿನಲ್ಲಿ ರಕ್ತ ತುಂಬಿ ಹರಿಯುತ್ತದೆ. ಗಾಳಿ ಈ ಮಡಿಕೆಗಳ ಸಂದಿಯಲ್ಲಿ ಹಾಯುತ್ತದೆ. ಚಳಿಗಾಲದ ನಸುಕಿನ ಥಂಡಿ ಗಾಳಿ ಅಲ್ಲಿ ಬೆಚ್ಚಗಾಗುತ್ತದೆ. ಬ್ಯಾಸಗಿಯ ಒಣ ಗಾಳಿಗೆ ಅಲ್ಲಿ ಪಸೆ ಸಿಗುತ್ತದೆ. ಎರಡೂ ಹೊಳ್ಳೆ ಒಂದೇ ಸಮ ದುಡಿಯುವುದಿಲ್ಲ. ಒಂದು ಹೆಚ್ಚು ತೆರೆದಾಗ ಇನ್ನೊಂದು ಸ್ವಲ್ಪ ಮುಚ್ಚಿರುತ್ತದೆ. ಕೆಲವು ತಾಸಿನ ನಂತರ ಪಾಳಿ ಬದಲು. ಹೊಲಕ್ಕೆ ನೀರು ಬಿಡುವ ಪಾಳಿ ಇದ್ದಂಗ!

ಇನ್ನು ಸುಂಬಳ. ಇದನ್ನು ನಾವು ಹೊಲಸು ಅಂತೀವಿ. ಆದರೆ ಧೂಳು, ರೋಗದ ಕ್ರಿಮಿ ಇದಕ್ಕೇ ಅಂಟಿಕೊಳ್ಳುತ್ತವೆ. ಮೂಗಿನ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರೋಮಗಳಿವೆ. ಅವು ಕಸಬರಿಗೆಯ ಹಾಗೆ ಸುಂಬಳವನ್ನು ಹಿಂದಕ್ಕೆ, ಗಂಟಲಿನ ಕಡೆ ತಳ್ಳುತ್ತವೆ. ನಾವು ಗೊತ್ತಿಲ್ಲದೆ ನುಂಗುತ್ತೇವೆ. ಹೊಟ್ಟೆಯ ಹುಳಿಯಲ್ಲಿ ಬಹಳಷ್ಟು ಕ್ರಿಮಿ ಸಾಯುತ್ತವೆ. ಕುಳ್ಳು, ಹತ್ತಿ ಕಟಿಗಿ ಉರಿಸುವ ಒಲೆಯ ಹೊಗೆ, ಬೀಡಿಯ ಹೊಗೆ ಈ ರೋಮಗಳನ್ನು ಕೆಡಿಸುತ್ತವೆ. ತೊಗರಿ ರಾಶಿ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಒಲೆಯ ಹೊಗೆ ಹೊರಗೆ ಹೋಗಲು ದಾರಿ ಇರಲಿ.

ಈಗ ಆ ತಾಯಿಯ ಮಾತಿಗೆ ಬರೋಣ. ಅವರಿಗೆ ಮೂರು ವಾರದಿಂದ ಮೂಗು ಕಟ್ಟಿತ್ತು. ಎಡಗಲ್ಲ ಭಾರ. ಬಗ್ಗಿದರೆ ನೋವು ಹೆಚ್ಚು. ಎಡ ಹೊಳ್ಳೆಯಿಂದ ಮಾತ್ರ ನಾರುವ ಸುಂಬಳ. ಹಣೆಗೆ ಸುಣ್ಣ ಹಚ್ಚಿದ್ದರು. ಕಡಿಮೆ ಆಗಿರಲಿಲ್ಲ.

ನೀವು ಹಗೇವು ನೋಡೀರಿ? ಜೋಳ ಇಡಲು ನೆಲದಲ್ಲಿ ತೋಡುತ್ತಿದ್ದರಲ್ಲ, ಅದು. ಬಾಯಿ ಸಣ್ಣದು, ಮೇಲಿರ್ತೈತಿ. ಒಳಗೆ ದೊಡ್ಡದು. ನಮ್ಮ ಮುಖದ ಎಲುಬಿನಲ್ಲೂ ಅಂಥ ಪೊಳ್ಳುಗಳಿವೆ. ಡಾಕ್ಟರು ಅವಕ್ಕೆ ಸೈನಸ್ ಅಂತಾರ. ಹಣೆಯಲ್ಲಿ, ಗಲ್ಲದಲ್ಲಿ, ಮೂಗು ಮತ್ತು ಕಣ್ಣಿನ ನಡುವೆ, ಮೂಗಿನ ಹಿಂದೆ ಆಳದಲ್ಲಿ. ಹೀಗೆ ಎರಡೂ ಬದಿಗೆ ನಾಲ್ಕು ಜೋಡಿ. ಒಳಗೆ ಇರುವುದು ಬರೀ ಗಾಳಿ. ಎಲ್ಲದರ ಬಾಯಿ ತೆರೆಯುವುದು ಮೂಗಿನೊಳಗೆ.

ಎಲ್ಲಕ್ಕಿಂತ ದೊಡ್ಡದು ಗಲ್ಲದ ಸೈನಸ್. ಅದರ ಬಾಯಿ ಹಗೇವಿನ ಹಾಗೆ ಮೇಲೆಯೇ ಐತಿ. ಒಳಗಿನ ನೀರು ತಾನಾಗಿ ಹರಿದುಹೋಗುವುದಿಲ್ಲ. ಆ ಸಣ್ಣ ರೋಮಗಳು ಅದನ್ನು ಮೇಲಕ್ಕೆ ತಳ್ಳಬೇಕು. ನೆಗಡಿಯಲ್ಲಿ ತೊಗಲು ಬಾತು ಬಾಯಿ ಮುಚ್ಚಿದರೆ ನೀರು ಒಳಗೇ ನಿಲ್ಲುತ್ತದೆ. ಕೀವೂ ಆಗಬಹುದು.

ಈ ಹಗೇವಿನ ತಳದಲ್ಲಿ ಮೇಲಿನ ದವಡೆಯ ಹಲ್ಲಿನ ಬೇರುಗಳು ಇರುತ್ತವೆ. ಹಲ್ಲು ಹುಳುಕಾದರೆ ಕೀವು ಮೇಲಕ್ಕೆ ಏರಬಹುದು. ಆ ತಾಯಿಗೆ ಆದದ್ದೂ ಇದೇ. ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ಫೋಟೋ ತೆಗೆಸಿದರು. ಹಲ್ಲು ಕೀಳಿಸಿ ಔಷಧ ಕೊಟ್ಟ ಮೇಲೆ ಗುಣವಾಯಿತು. ಮೂರು ವಾರ ಅವರು ಆ ನೋವಿನಲ್ಲೇ ರೊಟ್ಟಿ ಬಡಿದಿದ್ದರು, ಕಳೆ ತೆಗೆದಿದ್ದರು. ನಾವೂ ಮೊದಲೇ ಕೇಳಿರಲಿಲ್ಲ.

ಎಲ್ಲ ನೆಗಡಿಗೂ ದವಾಖಾನೆ ಬೇಕಿಲ್ಲ. ಬಹಳಷ್ಟು ನೆಗಡಿ 7ರಿಂದ 10 ದಿನಕ್ಕೆ ತಾನೇ ಹೋಗ್ತೈತಿ. ಸುಂಬಳ ಹಳದಿ ಆದ ಮಾತ್ರಕ್ಕೆ ಇಂಜೆಕ್ಷನ್ ಕೇಳಬ್ಯಾಡ್ರಿ. ಆದರೆ 10 ದಿನ ದಾಟಿದರೂ ಕಡಿಮೆ ಆಗದಿದ್ದರೆ, ಕಡಿಮೆಯಾಗಿ ಮತ್ತೆ ಜೋರಾದರೆ ತೋರಿಸಿ. ಕಣ್ಣಿನ ಸುತ್ತ ಬಾವು ಬಂದರೆ, ದೃಷ್ಟಿ ಮಂಜಾದರೆ ಅಂದೇ ಹೋಗಿ. ಮೂಗಿನ ಸೈನಸ್ಸಿಗೂ ಕಣ್ಣಿಗೂ ನಡುವೆ ಕಾಗದದಷ್ಟು ತೆಳುವಾದ ಎಲುಬು ಮಾತ್ರ ಇದೆ. 2021ರಲ್ಲಿ ಕೊರೊನಾ ಬಂದು ಹೋದವರಿಗೆ ಕಪ್ಪು ಶಿಲೀಂಧ್ರ ರೋಗ ಬಂದದ್ದು ನೆನಪಿರಬೇಕು. ಅದು ಸುರುವಾಗುತ್ತಿದ್ದುದು ಮೂಗಿನಲ್ಲಿ. ಅಲ್ಲಿಂದ ಕಣ್ಣಿಗೆ ಹೋಗುತ್ತಿತ್ತು. ಸಕ್ಕರೆ ಕಾಯಿಲೆ ಇದ್ದವರೇ ಹೆಚ್ಚು ನರಳಿದರು. ಕಣ್ಣು ಕಳೆದುಕೊಂಡವರೂ ಇದ್ದಾರೆ.

ಸಣ್ಣ ಮಕ್ಕಳ ಒಂದೇ ಹೊಳ್ಳೆಯಿಂದ ನಾರುವ ಸುಂಬಳ ಬಂದರೆ ನೆಗಡಿ ಎಂದು ಸುಮ್ಮನಿರಬೇಡಿ. ಕಡಲೆ, ಜೋಳದ ಕಾಳು, ಮಣಿ ಹಾಕಿಕೊಂಡಿರಬಹುದು. ಕಾಳು ಒಳಗೆ ನೆನೆದು ಉಬ್ಬುತ್ತದೆ. ಪಿನ್ನು, ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ. ಇನ್ನೂ ಹಿಂದಕ್ಕೆ ಸರಿಯುತ್ತದೆ. ಆಟಿಕೆಯ ಗುಂಡಿಯಂಥ ಸೆಲ್ಲು ಹಾಕಿಕೊಂಡಿದ್ದರೆ ಒಂದು ತಾಸೂ ತಡ ಮಾಡಬ್ಯಾಡ್ರಿ. ಅದು ಮೂಗಿನ ನಡುಗೋಡೆಯನ್ನೇ ಸುಡುತ್ತದೆ.

ಬ್ಯಾಸಗಿಯಲ್ಲಿ ಮೂಗು ಒಣಗಿ ರಕ್ತ ಬರುವುದುಂಟು. ಆಗ ನಾವು ಮಗುವನ್ನು ಅಂಗಾತ ಮಲಗಿಸುತ್ತೇವೆ. ಅದು ತಪ್ಪು. ರಕ್ತ ಗಂಟಲಿಗೆ ಇಳಿಯುತ್ತದೆ, ವಾಂತಿಯಾಗುತ್ತದೆ. ಕುಂಡ್ರಿಸಿ, ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಮೂಗಿನ ಮೆತ್ತನೆಯ ಭಾಗವನ್ನು ಎರಡೂ ಕಡೆಯಿಂದ ಗಟ್ಟಿಯಾಗಿ ಹಿಡಿಯಿರಿ. ಬಾಯಿಯಿಂದ ಉಸಿರಾಡಲು ಹೇಳಿ. ಗಡಿಯಾರ ನೋಡಿ 10 ನಿಮಿಷ ಹಿಡಿಯಿರಿ. ನಿಂತಿತೋ ಇಲ್ಲವೋ ಎಂದು ನಡುನಡುವೆ ಬಿಟ್ಟು ನೋಡಬ್ಯಾಡ್ರಿ. ನಿಲ್ಲದಿದ್ದರೆ ಇನ್ನೂ 10 ನಿಮಿಷ ಹಿಡಿಯಿರಿ. ಆಗಲೂ ನಿಲ್ಲದಿದ್ದರೆ ದವಾಖಾನೆಗೆ ಕರೆದುಕೊಂಡು ಹೋಗಿ. ದಾರಿಯಲ್ಲೂ ಮೂಗು ಹಿಡಿದೇ ಇರಿ.