ಸಂಬಳದ ತೂಕ, ಕೆಲಸದ ತೂಕ

ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿ ಬರಗೂರು ಎಂಬ ಊರಿದೆ. ಅಲ್ಲಿಂದ ಮಧುಗಿರಿ, ಪಾವಗಡ, ಕೊರಟಗೆರೆಗಳವರೆಗೆ ಹರಡಿರುವುದು ಮಳೆ ಕಡಮೆಯಾದ ಸೀಮೆ. ರಾಗಿ, ಕಡಲೆಕಾಯಿಗಳನ್ನು ಬಿತ್ತಿ ಮುಗಿಲ ಕಡೆಗೆ ನೋಡುತ್ತ ಕುಳಿತುಕೊಳ್ಳುವುದು ಇಲ್ಲಿಯ ಒಕ್ಕಲುಮಕ್ಕಳಿಗೆ ತಲೆತಲಾಂತರದಿಂದ ಬಂದ ಅಭ್ಯಾಸ. ಇಂಥ ಕಡೆ ತಿಂಗಳಿಗೊಮ್ಮೆ ತಪ್ಪದೆ ಕೈಸೇರುವ ಸಂಬಳವೆಂದರೆ ಮಳೆ ಕೈಕೊಟ್ಟರೂ ಕೈಕೊಡದ ಬೆಳೆ ಎಂದೇ ಅರ್ಥ. ಆದುದರಿಂದ ‘ಹೆಚ್ಚು ಸಂಬಳವೇ, ಮನಸ್ಸಿಗೊಪ್ಪುವ ಕೆಲಸವೇ?’ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಿದರೆ, ಅದು ಹೊಟ್ಟೆ ತುಂಬಿದವರ ಮಾತೆಂದು ಹಿರಿಯರು ನಗಬಹುದು. ನಗಲಿ. ಈ ಪ್ರಶ್ನೆಗೂ ಒಂದು ಶಾಸ್ತ್ರವುಂಟು, ಲೆಕ್ಕವುಂಟು, ಅದನ್ನು ವಿಚಾರಿಸೋಣ.

ಈ ಸೀಮೆಯ ತರುಣನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಬಿ.ಎಸ್‌ಸಿ., ಬಿ.ಎಡ್. ಮುಗಿಸಿ ಊರಿಗೆ ಹತ್ತಿರದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಆತನು ವಿಜ್ಞಾನವನ್ನು ಕಲಿಸುತ್ತಾನೆ. ತಿಂಗಳ ಸಂಬಳ 18,000 ರೂಪಾಯಿ. ಮಸೂರದಿಂದ ಬಿಸಿಲನ್ನು ಕಾಗದದ ಮೇಲೆ ಕೂಡಿಸಿ ಹೊಗೆಯೆಬ್ಬಿಸಿದಾಗ ಮಕ್ಕಳ ಕಣ್ಣರಳುವುದನ್ನು ಕಂಡು ಆತನಿಗೂ ಹಿಗ್ಗು. ಮನೆಯಲ್ಲಿ ಮಾತ್ರ ಬೇರೆ ಚಿತ್ರ. ಕೊಳವೆಬಾವಿಗಾಗಿ ತಂದೆ ಮಾಡಿದ ಒಂದೂವರೆ ಲಕ್ಷ ರೂಪಾಯಿ ಸಾಲವಿದೆ, ಓದುವ ತಂಗಿಯಿದ್ದಾಳೆ. ಇಂಥ ಸಮಯದಲ್ಲಿ, ಬೆಂಗಳೂರಿನ ಸರಕು ಸಾಗಣೆಯ ಉಗ್ರಾಣವೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಖಾಲಿಯಿದೆಯೆಂದೂ ಸಂಬಳ 32,000 ರೂಪಾಯಿಯೆಂದೂ ಗೆಳೆಯನೊಬ್ಬನು ತಿಳಿಸುತ್ತಾನೆ. ಹೋಗಬೇಕೆ, ಬೇಡವೆ?

ಮೊದಲು ಕೂಡುವ ಕಳೆಯುವ ಲೆಕ್ಕ. ಮೂವತ್ತೆರಡರಲ್ಲಿ ಹದಿನೆಂಟು ಕಳೆದರೆ ಹದಿನಾಲ್ಕು ಸಾವಿರ ಹೆಚ್ಚಳ. ಎಲ್ಲರೂ ಮಾಡುವ ಲೆಕ್ಕವಿದು. ಮತ್ತು ಇದು ತಪ್ಪು ಲೆಕ್ಕ. ಊರಿನಲ್ಲಿ ಆತನಿಗೆ ಮನೆಬಾಡಿಗೆಯಿಲ್ಲ. ಊಟ ತಾಯಿಯ ಕೈಯದು. ಬೆಂಗಳೂರಿನಲ್ಲಿ ಹಂಚಿಕೊಂಡ ಕೋಣೆಗೆ 5,000, ಊಟಕ್ಕೆ 4,000, ಬಸ್ಸಿಗೂ ಆಗಾಗ ಊರಿಗೆ ಬಂದುಹೋಗುವುದಕ್ಕೂ 2,000 ಎಂದು ಇಟ್ಟುಕೊಳ್ಳೋಣ. ಈ 11,000 ಹೋದರೆ ಉಳಿಯುವುದು 21,000. ಹದಿನಾಲ್ಕು ಸಾವಿರದ ಹೆಚ್ಚಳ ಮೂರು ಸಾವಿರಕ್ಕೆ ಇಳಿಯಿತು. ಇನ್ನು ಹೊತ್ತಿನ ಲೆಕ್ಕ. ಶಾಲೆಗೆ ಹೋಗಿಬರುವುದೂ ಸೇರಿ ದಿನಕ್ಕೆ 9 ಗಂಟೆ. ಪಟ್ಟಣದಲ್ಲಿ ಕೆಲಸಕ್ಕೆ 9, ಬಸ್ಸಿನಲ್ಲಿ 3, ಒಟ್ಟು 12 ಗಂಟೆ. ತಿಂಗಳಿಗೆ 26 ದಿನಗಳಂತೆ ಭಾಗಿಸಿದರೆ ಶಾಲೆಯ ಒಂದು ಗಂಟೆಗೆ ಸುಮಾರು 77 ರೂಪಾಯಿ, ಉಗ್ರಾಣದ ಒಂದು ಗಂಟೆಗೆ ಸುಮಾರು 67 ರೂಪಾಯಿ ಬೀಳುತ್ತದೆ! ಈ ಅಂಕಿಗಳು ನಾವು ಉದಾಹರಣೆಗಾಗಿ ಇಟ್ಟುಕೊಂಡವು. ವಾಚಕರು ತಮ್ಮ ತಮ್ಮ ಅಂಕಿಗಳನ್ನು ಹಾಕಿ ನೋಡಿದರೆ ಫಲ ಬೇರೆಯಾಗಬಹುದು. ಆದರೆ ಲೆಕ್ಕದ ರೀತಿ ಇದೇ.

ಇಷ್ಟರಿಂದಲೇ ತರುಣನು ಊರಿನಲ್ಲಿ ಉಳಿಯತಕ್ಕದ್ದೆಂದು ಅವಸರಪಟ್ಟು ಹೇಳಲಾಗದು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ಒಂದೂವರೆ ಲಕ್ಷಕ್ಕೆ ಬಡ್ಡಿ ತಿಂಗಳಿಗೆ ಸರಿಯಾಗಿ 3,000 ರೂಪಾಯಿ. ಬೆಂಗಳೂರಿನ ಹೆಚ್ಚಳ ಈ ಬಡ್ಡಿಗೆ ಸರಿಹೋಯಿತು. ಸಂಜೆ ಬಾಗಿಲಿಗೆ ಬಂದು ನಿಲ್ಲುವ ಸಾಹುಕಾರನ ಮುಂದೆ ತಂದೆ ತಲೆ ತಗ್ಗಿಸುವುದು ತಪ್ಪುವುದಾದರೆ, ಆ ಮೂರು ಸಾವಿರವನ್ನು ಅಲ್ಪವೆನ್ನುವ ಅಧಿಕಾರ ನಮಗಿಲ್ಲ. ಆದರೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅದೇ ಸಾಲವನ್ನು ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ಒಂದು ಬ್ಯಾಂಕಿಗೆ ವರ್ಗಾಯಿಸಲು ಸಾಧ್ಯವಾದರೆ ಬಡ್ಡಿ 1,500ಕ್ಕೆ ಇಳಿಯುತ್ತದೆ. ಎಂದರೆ, ಕೆಲಸವನ್ನು ಬದಲಿಸಿ ಗಳಿಸುವುದರಲ್ಲಿ ಅರ್ಧವನ್ನು ಸಾಲ ಕೊಟ್ಟವರನ್ನು ಬದಲಿಸಿಯೇ ಗಳಿಸಬಹುದು. ಅದಕ್ಕೆ ಬೇಕಾದ ಕಾಗದಪತ್ರಗಳ ಅಲೆದಾಟವನ್ನು ನಾವು ಮರೆತಿಲ್ಲ.

ಈಗ ಶಾಸ್ತ್ರದ ಕಡೆಗೆ ಬರೋಣ. ಒಂದೇ ಮೂರು ಸಾವಿರ ಒಬ್ಬನಿಗೆ ಬೆಟ್ಟವಾಗಿಯೂ ಇನ್ನೊಬ್ಬನಿಗೆ ಹುಲ್ಲಾಗಿಯೂ ತೋರುವುದೇಕೆ? 1738ರಲ್ಲಿ ಡೇನಿಯಲ್ ಬರ್ನೂಲಿ ಎಂಬ ಗಣಿತಜ್ಞನು ಇದಕ್ಕೊಂದು ಸೂತ್ರವನ್ನು ಕೊಟ್ಟನು. ಹೊಸದಾಗಿ ಬಂದ ಹಣದಿಂದ ಆಗುವ ಪ್ರಯೋಜನ, ಆ ಮನುಷ್ಯನಲ್ಲಿ ಮೊದಲೇ ಇರುವ ಹಣಕ್ಕೆ ವಿಲೋಮ ಪ್ರಮಾಣದಲ್ಲಿರುವುದೆಂಬುದು ಅದರ ತಾತ್ಪರ್ಯ. ಬೊಗಸೆಯಲ್ಲಿರುವ ಕಡಲೆಕಾಯಿಗೆ ಒಂದು ಹಿಡಿ ಸೇರಿಸಿದರೆ ಕೈಗೆ ತಿಳಿಯುವುದು. ಬೆನ್ನ ಮೇಲಿನ ಮೂಟೆಗೆ ಅದೇ ಹಿಡಿಯನ್ನು ಸೇರಿಸಿದರೆ ಹೊತ್ತವನಿಗೆ ಗೊತ್ತೇ ಆಗದು. 18,000 ಪಡೆಯುವವನಿಗೆ 3,000 ಎಂದರೆ ಆರನೆಯ ಒಂದು ಪಾಲು. 90,000 ಪಡೆಯುವವನಿಗೆ ಮೂವತ್ತನೆಯ ಒಂದು ಪಾಲು. ಮನಸ್ಸು ಅಳೆಯುವುದು ಕೂಡುವ ಲೆಕ್ಕದಿಂದಲ್ಲ, ಗುಣಿಸುವ ಲೆಕ್ಕದಿಂದ. ಹತ್ತು ಸಾವಿರ ಇಪ್ಪತ್ತಾದಾಗ ಆಗುವಷ್ಟೇ ಸಂತೋಷವು ಮತ್ತೆ ಆಗಬೇಕಾದರೆ ಇಪ್ಪತ್ತು ಮೂವತ್ತಾದರೆ ಸಾಲದು, ನಲವತ್ತಾಗಬೇಕು.

ಇದನ್ನು ನಮ್ಮ ಕಾಲದಲ್ಲಿ ಅಮೆರಿಕದ ಸಂಶೋಧಕರು ಅಳೆದು ನೋಡಿದ್ದಾರೆ. ವರ್ಷಕ್ಕೆ ಸುಮಾರು 75,000 ಡಾಲರ್ ವರಮಾನದವರೆಗೆ ಜನರ ದಿನದಿನದ ಸಂತೋಷ ಏರಿ, ಅಲ್ಲಿಂದಾಚೆಗೆ ನಿಂತುಬಿಡುವುದೆಂದು ಡೇನಿಯಲ್ ಕಾನಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ ಬರೆದರು. ಹಾಗೆ ನಿಲ್ಲುವುದಿಲ್ಲ, ಏರುತ್ತಲೇ ಹೋಗುವುದೆಂದು ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ 2021ರಲ್ಲಿ ತೋರಿಸಿದರು. ಆಮೇಲೆ ಕಾನಮನ್ ಮತ್ತು ಕಿಲ್ಲಿಂಗ್ಸ್‌ವರ್ತ್ ಜಗಳವಾಡುವುದನ್ನು ಬಿಟ್ಟು ಒಟ್ಟಿಗೆ ಕುಳಿತರು. ಈ ಸೌಜನ್ಯ ವಿದ್ವಾಂಸರಲ್ಲಿ ಅಪರೂಪ! 2023ರಲ್ಲಿ ಅವರಿಗೆ ಕಂಡದ್ದು ಇದು: ಬಹುಜನರ ಸಂತೋಷ ಬರ್ನೂಲಿಯ ಗುಣಿಸುವ ಲೆಕ್ಕದಂತೆ ನಿಧಾನವಾಗಿ ಏರುತ್ತಲೇ ಇರುತ್ತದೆ, ಆದರೆ ತೀರ ಅಸಂತುಷ್ಟರಾದ ಐದನೆಯ ಒಂದು ಪಾಲಿನಷ್ಟು ಜನರಲ್ಲಿ ಮಾತ್ರ ಅದು ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ಬಡತನದ ದುಃಖವನ್ನು ಹಣ ಕಳೆಯಬಲ್ಲದು. ಬೇರೆ ಕಾರಣದಿಂದ ಹುಟ್ಟಿದ ದುಃಖದ ಮುಂದೆ ಅದರ ಕೈ ಸಾಗದು.

ಹಾಗಾದರೆ ಕೆಲಸದಲ್ಲಿ ತೃಪ್ತಿ ಎಲ್ಲಿಂದ ಬರುತ್ತದೆ? ಪಿಟ್ಸ್‌ಬರ್ಗ್ ಪಟ್ಟಣದ ಸುತ್ತಿನ ಸುಮಾರು ಇನ್ನೂರು ಮಂದಿ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞನೂ ಆತನ ಜೊತೆಗಾರರೂ ಕುಳ್ಳಿರಿಸಿಕೊಂಡು, ಕೆಲಸದಲ್ಲಿ ಬಹಳ ಸಂತೋಷವಾದ ಒಂದು ಸಂದರ್ಭವನ್ನೂ ಬಹಳ ಬೇಸರವಾದ ಒಂದು ಸಂದರ್ಭವನ್ನೂ ಹೇಳಿರೆಂದು ಕೇಳಿದರು. 1959ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಸಂತೋಷದ ಕಥೆಗಳಲ್ಲಿ ಬಂದುವು ಸಾಧನೆ, ಮೆಚ್ಚುಗೆ, ಜವಾಬ್ದಾರಿ, ಕೆಲಸದ ಸ್ವಾರಸ್ಯ. ಬೇಸರದ ಕಥೆಗಳಲ್ಲಿ ಬಂದುವು ಕಚೇರಿಯ ಕಟ್ಟುಪಾಡು, ಮೇಲಧಿಕಾರಿಯ ಕಿರುಕುಳ, ಸಂಬಳ. ಅಂದರೆ ತೃಪ್ತಿಯೂ ಅತೃಪ್ತಿಯೂ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲ. ಎರಡು ಬೇರೆ ತಕ್ಕಡಿಗಳು. ಸಂಬಳ ಕಡಮೆಯಾದರೆ ಮನಸ್ಸು ಕುದಿಯುವುದು. ಸಾಕಷ್ಟಾದರೆ ಕುದಿ ನಿಲ್ಲುವುದು, ಅಷ್ಟೆ. ಹಿಗ್ಗು ಬೇರೆ ಕಡೆಯಿಂದ ಬರಬೇಕು.

ಈ ಮಾತನ್ನು ಪೂರ್ತಿಯಾಗಿ ನಂಬುವಂತಿಲ್ಲ. ಒಳ್ಳೆಯದಾದರೆ ‘ನಾನು ಮಾಡಿದೆ’ ಎಂದೂ ಕೆಟ್ಟದ್ದಾದರೆ ‘ಅವರು ಮಾಡಿದರು’ ಎಂದೂ ಹೇಳುವುದು ಮನುಷ್ಯ ಸ್ವಭಾವ; ಹರ್ಜ್‌ಬರ್ಗನ ಎರಡು ತಕ್ಕಡಿಗಳಲ್ಲಿ ಈ ಸ್ವಭಾವದ ಕೈವಾಡವೂ ಇದೆಯೆಂದು ಟೀಕಾಕಾರರು ತೋರಿಸಿದ್ದಾರೆ. ಆದರೂ ತಿರುಳು ಸುಳ್ಳಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ತಿಮೊಥಿ ಜಡ್ಜ್ ಮೊದಲಾದವರು 2010ರಲ್ಲಿ ಲೆಕ್ಕ ಹಾಕಿದಾಗ, ಸಂಬಳದ ಮಟ್ಟಕ್ಕೂ ಕೆಲಸದ ತೃಪ್ತಿಗೂ ಇರುವ ಸಹಸಂಬಂಧದ ಗುಣಕ 0.15 ಎಂದು ಬಂದಿತು. ಈ ಗುಣಕ 1 ಆದರೆ ಎರಡೂ ಒಂದೇ ನೊಗದ ಎತ್ತುಗಳು. 0 ಆದರೆ ಒಂದಕ್ಕೊಂದು ನಂಟೇ ಇಲ್ಲ. 0.15 ಎಂಬುದು ಬಹು ದೂರದ ನಂಟು.

ಜನರು ಇದನ್ನು ಏಕೆ ಮೊದಲೇ ಕಾಣರು? ಹೊಸ ಕೆಲಸದ ಮೊದಲ ದಿನಗಳ ಹೊಳಪು ಒಂದು ಕಾರಣ. ಉನ್ನತ ದರ್ಜೆಯ ವ್ಯವಸ್ಥಾಪಕರನ್ನು ಐದು ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಕೆಲಸ ಬದಲಿಸುವ ಮುನ್ನ ಅವರ ತೃಪ್ತಿ ಕುಸಿದಿತ್ತು, ಬದಲಿಸಿದೊಡನೆ ಜಿಗಿಯಿತು, ಮುಂದೆ ಮತ್ತೆ ಇಳಿಯಿತು. ಮದುವಣಿಗನ ಸಡಗರ ವರ್ಷಗಟ್ಟಲೆ ಉಳಿಯದಷ್ಟೆ! ಎರಡನೆಯದು ನೆರೆಯವನ ಮೇಲಿನ ಕಣ್ಣು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ನೌಕರರಲ್ಲಿ ಕೆಲವರಿಗೆ ಸಹೋದ್ಯೋಗಿಗಳ ಸಂಬಳವನ್ನು ತಿಳಿಯುವ ದಾರಿಯನ್ನು ಸಂಶೋಧಕರು ತೋರಿಸಿಕೊಟ್ಟರು. 2012ರಲ್ಲಿ ಹೊರಬಂದ ವರದಿಯಂತೆ, ತಮ್ಮ ಸಂಬಳ ನಡುಮಟ್ಟಕ್ಕಿಂತ ಕೆಳಗಿದೆಯೆಂದು ತಿಳಿದವರ ತೃಪ್ತಿ ಇಳಿಯಿತು. ಮೇಲಿದೆಯೆಂದು ತಿಳಿದವರ ತೃಪ್ತಿ ಏರಲಿಲ್ಲ. ಊರಿನಲ್ಲಿ ದೊಡ್ಡದಾಗಿ ಕಾಣುವ 32,000, ಬೆಂಗಳೂರಿನ ಕಚೇರಿಯ ಪಕ್ಕದ ಮೇಜಿನಲ್ಲಿ 45,000ದವನು ಕುಳಿತಿದ್ದರೆ ಎಷ್ಟು ದಿನ ದೊಡ್ಡದಾಗಿ ಉಳಿದೀತು?

ಕಡಮೆ ಸಂಬಳದ ಕೆಲಸಕ್ಕೆ ಬೇಕೆಂದೇ ಹೋದವರ ಮಾತೆತ್ತಿದರೆ ಸರ್ ಸಿ. ವಿ. ರಾಮನ್ ಅವರ ನೆನಪು ಬರುತ್ತದೆ. 1933ರಿಂದ 1970ರಲ್ಲಿ ತೀರಿಕೊಳ್ಳುವವರೆಗೆ ಬೆಂಗಳೂರನ್ನೇ ಮನೆಮಾಡಿಕೊಂಡಿದ್ದ ಅವರು 1907ರಲ್ಲಿ, ಹದಿನೆಂಟರ ಹರೆಯದಲ್ಲಿ, ಸರಕಾರದ ಹಣಕಾಸು ಇಲಾಖೆಗೆ ಸೇರಿ ಕಲ್ಕತ್ತೆಗೆ ಹೋದವರು. 1917ರಲ್ಲಿ ಆ ಹುದ್ದೆಯನ್ನು ಬಿಟ್ಟು, ಅದಕ್ಕಿಂತ ಬಹಳ ಕಡಮೆ ವೇತನಕ್ಕೆ, ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ಪಾಲಿತ್ ಪ್ರಾಧ್ಯಾಪಕರಾದರು. 1928ರಲ್ಲಿ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್ ಬಹುಮಾನ.

ಈ ಕಥೆಯನ್ನು ತ್ಯಾಗದ ಕಥೆಯೆಂದು ಶಾಲೆಗಳಲ್ಲಿ ಹೇಳುವುದುಂಟು. ನಮಗೆ ಅದು ಲೆಕ್ಕ ಬಲ್ಲವನ ಕಥೆಯೆಂದು ತೋರುತ್ತದೆ. ರಾಮನ್ನರು ಕತ್ತಲೆಯಲ್ಲಿ ಹಾರಲಿಲ್ಲ. ವರ್ಷಗಟ್ಟಲೆ ಹಗಲು ಕಚೇರಿಯಲ್ಲಿ ದುಡಿದು, ಮುಂಜಾನೆ ಸಂಜೆಗಳಲ್ಲಿ ಬೌಬಜಾರ್ ರಸ್ತೆಯ ವಿಜ್ಞಾನ ಸಂಘದ ಪ್ರಯೋಗಶಾಲೆಯಲ್ಲಿ ಸಂಶೋಧನೆ ನಡೆಸಿದ್ದರು. ಮುಂದೆ ಹಿಡಿಯಲಿದ್ದ ಕೆಲಸದ ರುಚಿಯನ್ನೂ ಅದರಲ್ಲಿ ತಮಗಿರುವ ಕಸುವನ್ನೂ ಕೆಲಸಕ್ಕೆ ಸೇರುವ ಮುನ್ನವೇ ಒರೆಹಚ್ಚಿ ನೋಡಿದ್ದರು. ಮೇಲಾಗಿ, ಕಡಮೆಯಾದ ವೇತನವೂ ಒಂದು ಸಂಸಾರ ನೆಮ್ಮದಿಯಿಂದಿರಲು ಆ ಕಾಲದಲ್ಲಿ ಧಾರಾಳವಾಗಿ ಸಾಲುತ್ತಿತ್ತು. ಸಾಹುಕಾರನು ಬಾಗಿಲಲ್ಲಿ ನಿಂತಿರಲಿಲ್ಲ. ಇವೆರಡನ್ನೂ ಬಿಟ್ಟು ಕಥೆ ಹೇಳಿದರೆ ಕೇಳಿದ ಬಡ ಹುಡುಗನು ದಾರಿ ತಪ್ಪಿಯಾನು.

ಮಧುಗಿರಿಗೆ ನೆರೆಯಾದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರದು ಇನ್ನೊಂದು ಬಗೆ. ಅಮೆರಿಕದ ಓಹಾಯೋದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಅವರು ತಮ್ಮ ಹಳೆಯ ನ್ಯಾಷನಲ್ ಕಾಲೇಜಿಗೇ ಹಿಂದಿರುಗಿದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಆರಂಭಿಸಿದರು. ಬಾಳಿನುದ್ದಕ್ಕೂ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಬ್ರಹ್ಮಚಾರಿಯಾಗಿ ಇದ್ದರು. ಬೇಕುಗಳನ್ನು ಅಷ್ಟು ಕಿರಿದುಮಾಡಿಕೊಂಡವರಿಗೆ ‘ಸಾಕು’ ಎಂಬ ಗೆರೆ ಬಹಳ ಕೆಳಗೆ ಬರುತ್ತದೆ. ತಂಗಿಯ ಓದು, ತಂದೆಯ ಸಾಲ ಹೊತ್ತ ನಮ್ಮ ತರುಣನಿಗೆ ಆ ಗೆರೆ ಅಲ್ಲಿಲ್ಲ. ಅವರಂತೆ ಬಾಳೆಂದು ಆತನಿಗೆ ಹೇಳುವುದು ನ್ಯಾಯವೂ ಅಲ್ಲ.

ಆದಕಾರಣ ಆತನು ಮೊದಲು ತನ್ನ ಗೆರೆಯನ್ನು ಎಳೆದುಕೊಳ್ಳಬೇಕು: ಮನೆಯ ಖರ್ಚು, ಬಡ್ಡಿ, ಅಸಲಿನ ಒಂದು ಕಂತು, ಕಾಯಿಲೆಗೆಂದು ಎತ್ತಿಟ್ಟ ಒಂದಿಷ್ಟು. ಈಗಿನ ಸಂಬಳ ಆ ಗೆರೆಯ ಕೆಳಗಿದ್ದರೆ, ಮತ್ತು ಖರ್ಚು ಕಳೆದ ಹೊಸ ಸಂಬಳ ಅದನ್ನು ದಾಟಿಸುವುದಾದರೆ, ಹೋಗುವುದೇ ಸರಿ. ಕೆಲಸದ ಸ್ವಾರಸ್ಯ ಕೆಲವು ವರ್ಷ ಕಾಯಲಿ. ಎರಡೂ ಗೆರೆಯ ಮೇಲಿದ್ದರೆ, ಉಳಿಯುವ ಮೂರು ಸಾವಿರಕ್ಕಾಗಿ ಆ ಮಕ್ಕಳನ್ನೂ ಮಸೂರವನ್ನೂ ಬಿಡುವುದು ನಷ್ಟದ ವ್ಯಾಪಾರವೆಂದು ನಮ್ಮ ಅಭಿಪ್ರಾಯ. ಎರಡೂ ಕೆಳಗಿದ್ದರೆ ಮೂರನೆಯ ಕೆಲಸವೊಂದನ್ನು ಹುಡುಕಬೇಕು. ಸರಕಾರಿ ಶಾಲೆಯ ಹುದ್ದೆಗೆ ಪರೀಕ್ಷೆ ಕಟ್ಟುವುದೂ ಅದರಲ್ಲಿ ಸೇರಿದೆ.

ತೀರ್ಮಾನಕ್ಕೆ ಮುನ್ನ ಒಂದು ಭಾನುವಾರ ಆತನು ಬೆಂಗಳೂರಿಗೆ ಹೋಗಿ, ಅಂಥದೇ ಉಗ್ರಾಣದಲ್ಲಿ ಎರಡು ವರ್ಷ ಕಳೆದ ಯಾರನ್ನಾದರೂ ಕಾಣಲಿ. ‘ಎಷ್ಟು ಕೊಡುತ್ತಾರೆ?’ ಎಂದು ಕೇಳುವುದು ಬೇಡ; ಅದು ಆಗಲೇ ಗೊತ್ತಿದೆ. ‘ನಿನ್ನೆ ಬೆಳಗ್ಗೆ ಒಂಬತ್ತರಿಂದ ಸಂಜೆಯವರೆಗೆ ಏನೇನು ಮಾಡಿದಿರಿ?’ ಎಂದು ಕೇಳಿ, ಉತ್ತರವನ್ನು ಕೊನೆಯವರೆಗೆ ಕೇಳಿಸಿಕೊಳ್ಳಲಿ.